ಅಕ್ಕೋರ ಬೋರ್ಡು

ಅಕ್ಕೋರ ಬಲಗೈಯ ತೋರುಬೆರಳು ಎಂದೋ ಮುರಿದು, ನೆಟ್ಟಗೆ ಕೂಡದೆ, ತುದಿ ಎಡಕ್ಕೆ ವಾಲಿಕೊಂಡಿತ್ತು. ಆ ಸೊಟ್ಟ ಬೆರಳಿನಲ್ಲೇ ಅವರು ಕಂಪ್ಯೂಟರಿನ ಪರದೆಯನ್ನು ಟಕಟಕ ಕುಟ್ಟುತ್ತಾ ಮಾತಾಡುತ್ತಿದ್ದರು. ನಮ್ಮ ಆಫೀಸಿನಲ್ಲಿ ಅವರ ಬೆರಳ ಗುರುತಿಲ್ಲದ ಪರದೆಯೇ ಇರಲಿಲ್ಲ. ಹೊಸದಾಗಿ ಸೇರಿದವರು, ಪಾಪ, ಕಣ್ಣು ಕಿರಿದು ಮಾಡಿಕೊಂಡು ತಪ್ಪು ಜಾಗ ನೋಡುತ್ತಿದ್ದರು. ಅಕ್ಕೋರು ತೋರಿಸುವ ಪದ ಒಂದು, ಬೆರಳ ತುದಿ ಮುಟ್ಟುವುದು ಪಕ್ಕದ ಪದ. “ಬೆರಳು ಎಂತ ನೋಡ್ತೀಯ ಮಾರಾಯ್ತಿ? ಅದಕ್ಕೆ ಬುದ್ಧಿ ಇದ್ದಿದ್ರೆ ಮುರ್ಕೊಳ್ತಿತ್ತಾ? ನಾ ಹೇಳದು ಕೇಳು” ಎಂದು ಗದರುತ್ತಿದ್ದರು. ಮುರಿದದ್ದು ಹೇಗೆ ಎಂದು ಕೇಳಿದರೆ ಒಂದು ದಿನ ಬಸ್ಸಿನ ಬಾಗಿಲು, ಇನ್ನೊಂದು ದಿನ ಥ್ರೋಬಾಲ್, ಮತ್ತೊಂದು ದಿನ ತಲೆಗೆ ಬೀಳಬೇಕಾಗಿದ್ದ ಹಲಸಿನಕಾಯಿ. ಕಂಡದ್ದಕ್ಕೆಲ್ಲ ವಿವರಣೆ ಕೇಳುವ ಆ ಹೆಂಗಸು ಸ್ವಂತ ಬೆರಳಿಗೆ ಮಾತ್ರ ಕೊನೆಯವರೆಗೂ ವಿವರಣೆ ಕೊಡಲಿಲ್ಲ.

ಅಕ್ಕೋರು ಎಂದರೆ ನಮ್ಮ ಕಡೆ ಟೀಚರಮ್ಮ. ಅವರು ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದವರು. ಅಲ್ಲಿ ಜಗಳ ಮಾಡಿಕೊಂಡು ಬಿಟ್ಟು ಬಂದರು. ಯಾಕೆ ಜಗಳ ಎಂದರೆ, “ಅವ್ರಿಗೂ ನೆನಪಿಲ್ಲ, ನಂಗೂ ನೆನಪಿಲ್ಲ. ಆದ್ರೆ ನಂದೇ ಸರಿ ಇತ್ತು” ಎನ್ನುತ್ತಿದ್ದರು. ಕಾಲೇಜು ಬಿಟ್ಟರೂ ಹೆಸರು ಬಿಡಲಿಲ್ಲ. ಸಾಗರಕ್ಕೆ ಬಂದ ಮೇಲೂ ಡಾಕ್ಟರಿಂದ ಹಿಡಿದು ಕೆಳಗಿನ ಝೆರಾಕ್ಸ್ ಅಂಗಡಿಯವರೆಗೆ ಎಲ್ಲರಿಗೂ ಅವರು ಅಕ್ಕೋರೇ.

ಡಾಕ್ಟರು ಎಂದೆನಲ್ಲ, ಅವರದ್ದೊಂದು ಟ್ರಸ್ಟು. ವಾಸಿಯಾಗದ ಕಾಯಿಲೆಯಿಂದ ಹಾಸಿಗೆ ಹಿಡಿದವರ ಮನೆಗೇ ನರ್ಸುಗಳನ್ನು ಕಳಿಸುವುದು ಅದರ ಕೆಲಸ. ಗಾಯ ತೊಳೆದು ಕಟ್ಟುವುದು, ನಳಿಕೆ ಬದಲಿಸುವುದು, ನೋವಿನ ಮಾತ್ರೆ ಕೊಡುವುದು, ಒಂದಿಷ್ಟು ಹೊತ್ತು ಪಕ್ಕದಲ್ಲಿ ಕೂರುವುದು. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ತಾಲ್ಲೂಕಿನಲ್ಲಿ ನಮ್ಮ ನರ್ಸುಗಳು ಓಡಾಡುತ್ತಾರೆ. ಯಾರು, ಯಾವ ದಿನ, ಯಾರ ಮನೆಗೆ, ಯಾವ ದಾರಿಯಲ್ಲಿ ಹೋಗಬೇಕು ಎಂದು ಅವರ ಮೊಬೈಲಿಗೆ ತೋರಿಸುವ ಸಾಫ್ಟ್‌ವೇರ್ ನಡೆಸುವುದು ಅಕ್ಕೋರ ಜವಾಬ್ದಾರಿ. ಮಹಡಿ ಮೇಲೆ ಎರಡು ಕೋಣೆಯ ಆಫೀಸು. ವರದಹಳ್ಳಿಯ ಆಶ್ರಮಕ್ಕೆ ಹೋಗುವ ಪರವೂರಿನವರು ನಮ್ಮ ಮೆಟ್ಟಿಲ ಹತ್ತಿರ ಕಾರು ನಿಲ್ಲಿಸಿ ದಾರಿ ಕೇಳಿದರೆ, ಅಕ್ಕೋರು ಮೀಟಿಂಗು ಬಿಟ್ಟು ಕಿಟಕಿಗೆ ಬಂದು ಕೂಗಿ ಹೇಳುತ್ತಿದ್ದರು. ಯಾರಾದರೂ ಅರ್ಧಂಬರ್ಧ ದಾರಿ ಹೇಳಿ ಕಳಿಸಿದ್ದು ಕಂಡರೆ ಅವರಿಗೆ ಮೈಯೆಲ್ಲ ಉರಿ.

ನಾನು ಇಂಟರ್‌ವ್ಯೂಗೆ ಹೋದ ದಿನ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ, ಸೊಟ್ಟ ಬೆರಳು ಇಟ್ಟು ಕೇಳಿದರು: “ಈ ಕಾಲಮ್ಮಿನ ಹೆಸರು ಆಲ್ಟ್-ಟು. ಅಂದ್ರೆ ಎಂತ?”

ನಾನು ನೋಡಿದೆ. ಕೆಲವು ಮನೆಗಳ ಎದುರು ಎಂಥವೋ ಎರಡಕ್ಷರದ ಗುರುತುಗಳು, ಉಳಿದ ಮನೆಗಳಿಗೆ ಖಾಲಿ. ತಲೆಬುಡ ತಿಳಿಯಲಿಲ್ಲ. “ಗೊತ್ತಿಲ್ಲ ಮೇಡಂ” ಎಂದೆ. ಕೆಲಸ ಕೈತಪ್ಪಿತು ಎಂದುಕೊಂಡು ಬ್ಯಾಗ್ ಹೆಗಲಿಗೆ ಹಾಕಿಕೊಂಡೂ ಆಗಿತ್ತು.

“ಕೂತ್ಕ. ಸೋಮವಾರದಿಂದ ಬಾ” ಎಂದರು. “ನಿಂಗಿಂತ ಮೊದ್ಲು ಬಂದವ್ರೆಲ್ಲ ಬಹಳ ಚೆಂದ ಮಾಡಿ ಹೇಳಿದ್ರು. ಎಲ್ಲಾ ಸುಳ್ಳು.”

ಅವರು ಹಾಗೆ ಕೇಳುವುದಕ್ಕೆ ಕಾರಣವಿತ್ತು. ಅದನ್ನು ಮೊದಲ ದಿನವೇ, ಮುಚ್ಚುಮರೆಯಿಲ್ಲದೆ ಅವರೇ ಹೇಳಿದರು. ಸೇರಿದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಿದ್ದರಂತೆ. ಕಾಫಿ ಕೊಡುವುದಕ್ಕೂ ಮೊದಲು.

ಕಂಪ್ಯೂಟರಿನ ಗಂಧವಿಲ್ಲದವರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ಮಾಹಿತಿಯೆಲ್ಲ ಇರುವುದು ಡೇಟಾಬೇಸಿನ ಕೋಷ್ಟಕಗಳಲ್ಲಿ. ಕೋಷ್ಟಕದ ಒಂದೊಂದು ಕಾಲಮ್ಮಿನಲ್ಲೂ ಒಂದೊಂದು ಸಂಗತಿ: ಹೆಸರು, ಊರು, ಕಾಯಿಲೆ, ದಾರಿ. ಅವನ್ನು ಬಳಸಿ ಕೆಲಸ ಮಾಡುವ ಕೋಡು ಬೇರೆ ಕಡೆ ಇರುತ್ತದೆ. ಕೋಡು ಓದುತ್ತಾ ಕೂತವರಿಗೆ ಕೋಷ್ಟಕದಲ್ಲಿ ಏನೇನಿದೆ, ಯಾಕಿದೆ ಎಂಬುದು ಕಾಣುವುದಿಲ್ಲ. ಕಾಲಂ ಮಾಡಿದವರು ಕೆಲಸ ಬಿಟ್ಟು ಹೋದರೆ ಅದರ ಅರ್ಥವೂ ಅವರ ಜೊತೆಗೇ ಬಸ್ಸು ಹತ್ತಿಬಿಡುತ್ತದೆ. ಆಲ್ಟ್-ಟು ಮಾಡಿದವನೂ ಹಾಗೇ ಎಂದೋ ಬಸ್ಸು ಹತ್ತಿದ್ದ.

ಅಕ್ಕೋರು ಕೆಲಸಕ್ಕೆ ಸೇರಿದ ಹೊಸತು. ಬೇಸಿಗೆ. ಹಳೇ ಕೋಡನ್ನೆಲ್ಲ ಗುಡಿಸಿ ಒರೆಸಿ ಚೊಕ್ಕ ಮಾಡುತ್ತಿದ್ದರು. ಆಲ್ಟ್-ಟು ಕಣ್ಣಿಗೆ ಬಿತ್ತು. ತಿಂಗಳುಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ. ಅರ್ಧಕ್ಕೆ ಬಿಟ್ಟ ಯಾವುದೋ ಪ್ರಯೋಗ ಇರಬೇಕು ಎಂದುಕೊಂಡು ಕಿತ್ತು ಹಾಕಿದರು. “ಕಿತ್ತು ಹಾಕಿ, ದೊಡ್ಡ ಕೆಲಸ ಮಾಡ್ದೆ ಅಂತ ಹೋಟ್ಲಿಗೆ ಹೋಗಿ ಮಸಾಲೆದೋಸೆ ತಿಂದು ಬಂದೆ ಕಣೆ” ಎಂದು ಹೇಳುವಾಗ ಅವರ ದನಿ ಗಟ್ಟಿಯಾಗುತ್ತಿತ್ತು, ಸಣ್ಣದಾಗುತ್ತಿರಲಿಲ್ಲ.

ಹಿನ್ನೀರಿನ ಕಡೆ ಹುಟ್ಟಿದ ನನ್ನಂಥವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಅಣೆಕಟ್ಟಿನ ನೀರು ಇಳಿದಾಗ, ಎಂದೋ ಮುಳುಗಿದ ಹಳೇ ರಸ್ತೆಗಳು ಮೇಲೆ ಬರುತ್ತವೆ. ಬೈಕು, ಜೀಪು ಎಲ್ಲ ಅದರ ಮೇಲೇ ಓಡುತ್ತವೆ. ಮಳೆ ಹಿಡಿದು ನೀರು ಏರಿತೋ, ಆ ರಸ್ತೆ ಮತ್ತೆ ಒಳಗೆ. ಆಗ ದಡದಿಂದ ದಡಕ್ಕೆ ಜನ ಸಾಗಿಸುವ ಲಾಂಚಿಗೆ ಹೋಗಬೇಕು, ಇಲ್ಲವೇ ಗುಡ್ಡ ಸುತ್ತಿ ಬಳಸಿ ಹೋಗಬೇಕು. ಒಂದೇ ಮನೆಗೆ ಎರಡು ದಾರಿ: ನೆಲದ ದಾರಿ, ನೀರ ದಾರಿ. ಆಲ್ಟ್-ಟು ಎಂಬುದು ಈ ಎರಡನೆಯ ದಾರಿ, ನೀರ ದಾರಿ. ಆ ಎರಡಕ್ಷರದ ಗುರುತುಗಳು ಯಾವ ದಡದಲ್ಲಿ ಲಾಂಚ್ ಹತ್ತಬೇಕು ಎಂಬುದಕ್ಕೆ. ಬೇಸಿಗೆಯಲ್ಲಿ ನೋಡಿದರೆ ಅದು ಸತ್ತ ಕಾಲಮ್ಮೇ. ತೀರ್ಥಹಳ್ಳಿ ಕಡೆಯ ಅಕ್ಕೋರಿಗೆ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಾದ್ದೂ ಇರಲಿಲ್ಲ. ಅವರ ಊರಿನಲ್ಲಿ ದಾರಿ ಎಂದರೆ ವರ್ಷವಿಡೀ ಇದ್ದಲ್ಲೇ ಇರುವ ದಾರಿ.

ಮಳೆ ಬಂತು. ಆಗಷ್ಟೇ ಸೇರಿದ್ದ ಒಬ್ಬ ಸಿಸ್ಟರ್ ನೋವಿನ ಮಾತ್ರೆ ಹಿಡಿದು ಹಿನ್ನೀರಿನಾಚೆಯ ಮನೆಯೊಂದಕ್ಕೆ ಹೊರಟರು. ಅವರೂ ತೀರ್ಥಹಳ್ಳಿ ಕಡೆಯವರೇ, ಕೋಣಂದೂರಿನವರು. ಮೊಬೈಲು ತೋರಿಸಿದ ದಾರಿ ಹಿಡಿದು ಹೋದರೆ, ರಸ್ತೆ ನೆಟ್ಟಗೆ ನೀರಿನೊಳಕ್ಕೆ ಇಳಿದು ಹೋಗಿತ್ತು. ಆಚೆ ದಡದಲ್ಲಿ ಮನೆ ಕಾಣುತ್ತಿದೆ. ಕಾಯಿಲೆಯವರ ಹೆಂಡತಿ ಅಂಗಳದಲ್ಲಿ ನಿಂತು ಕೈ ಬೀಸುತ್ತಿದ್ದಾರೆ. ಸಿಸ್ಟರ್ ಕೂಗಿದರು. ಅವರಿಗೆ ಕೇಳಿತು. ಅವರು ಕೂಗಿದರು. ಇವರಿಗೂ ಕೇಳಿತು. ಲಾಂಚಿನ ದಡ ಇನ್ನೆಲ್ಲೋ ದೂರ, ಅಲ್ಲಿಗೆ ಮುಟ್ಟುವ ಹೊತ್ತಿಗೆ ಆ ದಿನದ ಕೊನೆಯ ಲಾಂಚು ಹೋಗಿಯಾಗಿತ್ತು. ಮಾರನೆಯ ದಿನ ಸಿಸ್ಟರ್ ಆ ಮನೆ ಮುಟ್ಟುವಷ್ಟರಲ್ಲಿ ಆ ಮನುಷ್ಯ ತೀರಿಕೊಂಡಿದ್ದರು. ಅವರು ಹೇಗೂ ಉಳಿಯುವವರಾಗಿರಲಿಲ್ಲ. ಆದರೆ ಅಷ್ಟು ನರಳಿ ಹೋಗಬೇಕಿರಲಿಲ್ಲ.

ಟ್ರಸ್ಟಿನಲ್ಲಿ ಎಲ್ಲರೂ ಅಕ್ಕೋರನ್ನು ಸಮಾಧಾನ ಮಾಡಲು ಹೊರಟರು. ಡಾಕ್ಟರು “ಸಿಸ್ಟಂ ಪ್ರಾಬ್ಲಂ, ಯಾರೇನು ಮಾಡಕಾಗತ್ತೆ” ಎಂದರಂತೆ. ಅಕ್ಕೋರು ಮೇಜು ಕುಟ್ಟಿ ಎದ್ದರಂತೆ. “ಸಿಸ್ಟಂ ಅಂದ್ರೆ ಯಾರು ಡಾಕ್ಟ್ರೇ? ಅದಕ್ಕೆ ಮುಖ ಇದ್ಯಾ? ಕಿತ್ತವ್ಳು ನಾನು. ಈ ಮುಖ.” ಹಾಗೆಂದು, ಯಾರನ್ನೂ ಜೊತೆಗೆ ಕರೆಯದೆ, ಲಾಂಚು ಹತ್ತಿ ಆ ಮನೆಗೆ ಹೋಗಿ, ಅಂಗಳದಲ್ಲಿ ನಿಂತು ಕೈ ಬೀಸಿದ್ದ ಆ ಅಮ್ಮನೆದುರು ನಿಂತು ನಡೆದದ್ದನ್ನು ಹೇಳಿ ಬಂದರು.

ಅಮ್ಮ ಬೈಯಲಿಲ್ಲವಂತೆ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅಕ್ಕೋರು ಹೇಳುತ್ತಿದ್ದರು. ಆಕೆ ಹೇಳಿದ್ದು ಇಷ್ಟು: “ಸಿಸ್ಟರ್ ಕೂಗಿದ್ದು ನಂಗೂ ಕೇಳ್ತು, ಒಳಗೆ ಮಲಗಿದ್ದ ಅವ್ರಿಗೂ ಕೇಳ್ತು. ‘ಬಂದ್ರಲ್ಲ, ಇನ್ನೇನು ಸ್ವಲ್ಪ ಹೊತ್ತು’ ಅಂದ್ರು. ಬೆಳಗಿನ ತನಕಾನೂ ಹಂಗೇ ಅಂತಿದ್ರು.”

ಅಲ್ಲಿಂದ ಬಂದವರೇ ಕಿತ್ತ ಕಾಲಮ್ಮನ್ನು ‘ನೀರ ದಾರಿ’ ಎಂಬ ಹೆಸರಿಟ್ಟು ವಾಪಸ್ ಸೇರಿಸಿದರು. ಬೋರ್ಡು ಹುಟ್ಟಿದ್ದು ಆಮೇಲೆ.

ಬೋರ್ಡು ಎಂದು ಹೆಸರಿಟ್ಟಿದ್ದು ಡಾಕ್ಟರು, ರಸ್ತೆ ಬದಿಯ ದಾರಿ ತೋರಿಸುವ ಬೋರ್ಡಿನ ಹಾಗಿದೆ ಎಂದು, ಅದೂ ಗೇಲಿಗೆ. ಅಸಲಿಗೆ ಅದೊಂದು ಪುಟ್ಟ ಪ್ರೋಗ್ರಾಂ. ಡೇಟಾಬೇಸಿನಲ್ಲಿ ಏನು ಬದಲಾದರೂ ಅದು ತಾನಾಗಿ ಎದ್ದು, ಕೋಷ್ಟಕವನ್ನೆಲ್ಲ ಓದಿ, ಕೋಡಿನ ಒಂದೊಂದು ಫೈಲಿನ ನೆತ್ತಿಯ ಮೇಲೂ ಬರೆದು ಬರುತ್ತದೆ: ಇಲ್ಲಿ ಇಂತಿಂಥ ಕಾಲಂ ಇವೆ, ಇದರಲ್ಲಿ ಇಂಥದ್ದು ಇರುತ್ತದೆ, ಇದು ಇಂಥದ್ದಕ್ಕೆ ಬೇಕು. ಕಂಪ್ಯೂಟರಿಗೆ ಆ ಸಾಲುಗಳಿಂದ ಏನೂ ಆಗಬೇಕಿಲ್ಲ. ಅವು ಮನುಷ್ಯರು ಓದಲಿಕ್ಕೆ. ಇಂಥ ಪ್ರೋಗ್ರಾಮು ಲೋಕದಲ್ಲಿ ಬೇಕಾದಷ್ಟಿವೆ, ಅಕ್ಕೋರು ಕಂಡುಹಿಡಿದದ್ದಲ್ಲ. ಅವರು ಸೇರಿಸಿದ್ದು ಮೊಂಡುತನ. ಹೊಸ ಕಾಲಂ ಸೇರಿಸಲು ಹೊರಟವರು ಅದು ಯಾಕೆಂದು ಕನ್ನಡದಲ್ಲಿ ಬರೆಯದಿದ್ದರೆ ಬೋರ್ಡು ಕೆಲಸ ನಿಲ್ಲಿಸಿಬಿಡುತ್ತಿತ್ತು. ಪರದೆಯ ಮೇಲೆ ಒಂದೇ ಸಾಲು: “ಇದು ಎಂತಕ್ಕೆ? ಹೇಳಿ ಮುಂದೆ ಹೋಗು.”

ಎಷ್ಟು ಜನ ಆ ಸಾಲಿಗೆ ಹಲ್ಲು ಕಡಿದಿಲ್ಲ! ನಾನೂ ಕಡಿದಿದ್ದೇನೆ. ಕಳ್ಳದಾರಿ ಹುಡುಕಿ ಬರೀ ಚುಕ್ಕಿ ಇಟ್ಟವರಿದ್ದರು, “ಸುಮ್ನೆ” ಎಂದು ಬರೆದವರಿದ್ದರು. ಬೋರ್ಡು ಎಲ್ಲವನ್ನೂ ವಾಪಸ್ ತಳ್ಳುತ್ತಿತ್ತು. “ಗೊತ್ತಿಲ್ಲ” ಎಂದು ಬರೆದರೆ ಮಾತ್ರ ಒಪ್ಪುತ್ತಿತ್ತು. ಒಪ್ಪಿ, ಫೈಲಿನ ನೆತ್ತಿಯ ಮೇಲೆ “ಇದು ಎಂತಕ್ಕೆಂದು ಗೊತ್ತಿಲ್ಲ. ಕೇಳಿ ತಿಳಿಯುವ ತನಕ ಯಾರೂ ಕೀಳಕೂಡದು” ಎಂದು ಬರೆದು, ತಿಳಿದು ಬರೆಯುವವರೆಗೂ ದಿನಾ ಬೆಳಿಗ್ಗೆ ಎಲ್ಲರಿಗೂ ನೆನಪಿಸುತ್ತಿತ್ತು. ಆ ಕಾಟಕ್ಕೆ ನಾವು ಎದ್ದು ಹೋಗಿ ನರ್ಸುಗಳನ್ನು, ಜೀಪಿನ ಡ್ರೈವರನ್ನು ಕೇಳಿಕೊಂಡು ಬರುತ್ತಿದ್ದೆವು. ಮನೆಗೆ ನಾಯಿ ಇದೆಯೇ ಎಂಬ ಕಾಲಂ ಯಾಕೆ, ರಾತ್ರಿ ಊಟ ಬಡಿಸದೆ ಕಳಿಸುವುದಿಲ್ಲ ಎಂಬ ಕಾಲಂ ಯಾಕೆ, ಎಲ್ಲಕ್ಕೂ ಒಂದೊಂದು ಕಥೆ ಇತ್ತು.

ಅಕ್ಕೋರು ಬದುಕಿದ್ದೇ ಹಾಗೆ. ಅವರ ಮೇಜಿನ ಮೇಲೆ ಯಾವಾಗಲೂ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಗಳು. ಒಂದೊಂದರ ಮೇಲೂ ಚೀಟಿ: ಯಾವ ಮರದ ಮಿಡಿ, ಯಾರು ಕೊಟ್ಟದ್ದು, ಹುಳಿಯೋ ಸೊನೆ ಪರಿಮಳವೋ, ಯಾರು ಮುಟ್ಟಕೂಡದು. ‘ಮುಟ್ಟಕೂಡದು’ ಎಂಬಲ್ಲಿ ಬಹಳ ಸಲ ನನ್ನ ಹೆಸರಿರುತ್ತಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಅವರೇ ತೆಗೆದು ನನ್ನ ತಟ್ಟೆಗೆ ಹಾಕುತ್ತಿದ್ದರು. “ತಿನ್ನು. ಕೇಳಿ ತಿಂದ್ರೆ ಕಳ್ತನ ಅಲ್ಲ.” ನಾನು ಕೇಳಿರುತ್ತಿರಲಿಲ್ಲ.

ವರ್ಷಕ್ಕೊಮ್ಮೆ, ಮಳೆ ಕಡಿಮೆಯಾದ ಮೇಲೆ, ಅವರು ರಜೆ ಹಾಕಿ ಹಿನ್ನೀರಿನಾಚೆಯ ಆ ಅಮ್ಮನ ಮನೆಗೆ ಹೋಗಿ ಬರುತ್ತಿದ್ದರು. ಮೊದಲ ವರ್ಷ ಆ ಅಮ್ಮ ಕಾಫಿ ಕೊಟ್ಟರಂತೆ. ಎರಡನೇ ವರ್ಷ ಊಟ. ಆಮೇಲಾಮೇಲೆ ಇಬ್ಬರೂ ಸೇರಿ ಊರವರನ್ನೆಲ್ಲ ಆಡಿಕೊಳ್ಳುವ ಮಟ್ಟಕ್ಕೆ ಬಂದರು. ಮಿಡಿಯ ಒಂದು ಬಾಟಲಿ ಪ್ರತಿ ವರ್ಷ ಅಲ್ಲಿಂದಲೇ ಬರುತ್ತಿತ್ತು. ಅದರ ಮೇಲೆ ಚೀಟಿ ಇರುತ್ತಿರಲಿಲ್ಲ, ಅದು ಯಾರದೆಂದು ಆಫೀಸಿಗೆಲ್ಲ ಗೊತ್ತಿತ್ತು.

ಇಷ್ಟರಲ್ಲಿ ಕಂಪನಿಯವರು ಬಂದರು. ದೊಡ್ಡ ಊರಿನ ದೊಡ್ಡ ಕಂಪನಿ. ದಾನಧರ್ಮದ ಲೆಕ್ಕದಲ್ಲಿ ನಮ್ಮ ಸಾಫ್ಟ್‌ವೇರನ್ನು ತಾವೇ ನೋಡಿಕೊಳ್ಳುತ್ತೇವೆ, ಜೊತೆಗೆ ನರ್ಸುಗಳಿಗೆ ಎರಡು ಹೊಸ ಗಾಡಿ ಕೊಡುತ್ತೇವೆ ಎಂದರು. ನಮ್ಮ ಹಳೇ ಜೀಪು ಆಗುಂಬೆ ಕಡೆಯ ಏರು ಕಂಡರೆ ಏದುಸಿರು ಬಿಡುತ್ತಿತ್ತು. ಡಾಕ್ಟರು ಕುಣಿದಾಡಿಬಿಟ್ಟರು. ಕಂಪನಿಯ ಪರವಾಗಿ ಬಂದ ಸಲಹೆಗಾರರು ಒಳ್ಳೆಯ ಮನುಷ್ಯ, ಮೆದು ಮಾತು. ಎರಡು ದಿನ ಕೂತು ಕೋಡೆಲ್ಲ ನೋಡಿ ಷರತ್ತು ಹೇಳಿದರು: ಕಂಪನಿಯ ಕ್ರಮದಂತೆ ಕೋಡು ಇಂಗ್ಲಿಷಿನಲ್ಲೇ ಇರಬೇಕು, ನೆತ್ತಿಯ ಮೇಲಿನ ಈ ಕನ್ನಡದ ಸಾಲುಗಳೆಲ್ಲ ಹೋಗಬೇಕು, ಬೋರ್ಡು ಹೋಗಬೇಕು. ಬಹಳ ದಿನದಿಂದ ಬಳಕೆಯಿಲ್ಲದ ಕಾಲಂಗಳೂ ಹೋಗಬೇಕು.

“ಇದೆಲ್ಲ ಹಳೇ ಕಾಲದ್ದು ಮೇಡಂ” ಎಂದರು ಸಲಹೆಗಾರರು. “ಈಗ ಎಐ ಇದೆ. ಕೋಡ್ ಕೊಟ್ಟರೆ ಅದೇ ಓದಿ, ಯಾವುದು ಯಾತಕ್ಕೆ ಅಂತ ಹೇಳಿಬಿಡುತ್ತೆ.”

“ಹೌದಾ?” ಎಂದರು ಅಕ್ಕೋರು. ತಾವು ಆಲ್ಟ್-ಟು ಕೀಳುವುದಕ್ಕೆ ಮುಂಚಿನ ಕೋಡು, ಕೋಷ್ಟಕ ಎರಡರ ಪ್ರತಿಯನ್ನೂ ಅವರು ಅಳಿಸದೆ ಇಟ್ಟುಕೊಂಡಿದ್ದರು. ಇಂಟರ್‌ವ್ಯೂನಲ್ಲಿ ನನಗೆ ತೋರಿಸಿದ್ದೂ ಅದನ್ನೇ. ಅದನ್ನು ತೆಗೆದುಕೊಟ್ಟರು. “ಇದನ್ನ ಕೇಳಿ ನೋಡನ. ಈ ಕಾಲಂ ಎಂತಕ್ಕೆ?”

ಸಲಹೆಗಾರರು ಕೇಳಿದರು. ಉತ್ತರ ಕ್ಷಣದಲ್ಲಿ ಬಂತು: ಇದು ಯಾವುದೋ ಪರ್ಯಾಯ ಮೌಲ್ಯ ಇರಬಹುದು, ಇತ್ತೀಚೆಗೆ ಬಳಕೆಯಾಗಿಲ್ಲ, ತೆಗೆದುಹಾಕಿದರೆ ತೊಂದರೆ ಇರಲಾರದು.

ನಾನು ಅಕ್ಕೋರ ಮುಖ ನೋಡಿದೆ. ಗೆದ್ದ ಮುಖವಾಗಿರಲಿಲ್ಲ ಅದು. ಬಣ್ಣ ಇಳಿದುಹೋಗಿತ್ತು. ಸೊಟ್ಟ ಬೆರಳನ್ನು ಪರದೆಯ ಮೇಲಿಟ್ಟು ತೆಗೆಯದೆ ಕೂತರು.

“ಇದೇ ನಾನೂ ಅಂದಿದ್ದು” ಎಂದರು. “ಅಕ್ಷರ ಅಕ್ಷರ ಇದೇ. ಅದಕ್ಕೆ ಬುದ್ಧಿ ಇಲ್ಲ ಅಂತ ನಾ ಹೇಳ್ತಿಲ್ಲ. ನಂಗೂ ಇತ್ತು ಬುದ್ಧಿ. ಹೇಳೋರು ಇರ್ಲಿಲ್ಲ.”

ಆಮೇಲೆ ಆ ಮನೆಯ ಕಥೆ ಹೇಳಿದರು. ಸಲಹೆಗಾರರು ಪೂರ್ತಿ ಕೇಳಿದರು. “ನನಗೆ ಅರ್ಥ ಆಗತ್ತೆ ಮೇಡಂ. ಆದರೆ ಕ್ರಮ ಮಾಡಿದೋನು ನಾನಲ್ಲ, ಬದಲಾಯಿಸೋದೂ ನನ್ನ ಕೈಲಿಲ್ಲ” ಎಂದರು. ಅದು ನಿಜವೇ ಇತ್ತು.

“ಹಂಗಾದ್ರೆ ಬೇಡ” ಎಂದರು ಅಕ್ಕೋರು.

ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ಬೇಡ ಅನ್ನಕ್ಕೆ ನೀವ್ಯಾರು? ಎರಡು ಗಾಡಿ ಮಾರಾಯ್ರೆ! ಯಾರೂ ಓದದೆ ಇರೋ ನಾಲ್ಕು ಸಾಲಿಗೋಸ್ಕರ!”

“ಗಾಡಿ ನೀರಿನ ಮೇಲೆ ಓಡತ್ತಾ ಡಾಕ್ಟ್ರೇ?”

“ಮಾತು ತಿರುಗಿಸ್ಬೇಡಿ.”

“ತಿರುಗಿಸ್ತಿಲ್ಲ. ನೀರ ದಾರಿ ಕಾಲಂ ಆರು ತಿಂಗ್ಳು ಸುಮ್ನೆ ಕೂತಿರ್ತದೆ. ಇವತ್ತು ಇವ್ರು ಹೋದ ಮೇಲೆ ನಾಳೆ ಬೇರೆಯವ್ರು ಬರ್ತಾರೆ, ಬೇಸಿಗೇಲಿ ನೋಡ್ತಾರೆ, ಬಳಕೆ ಇಲ್ಲ ಅಂತ ಕೀಳ್ತಾರೆ. ಮತ್ತೆ ಸಿಸ್ಟರ್ ದಡದಲ್ಲಿ ನಿಂತು ಕೂಗ್ಬೇಕು. ಬೋರ್ಡು ತೆಗಿಯದಾದ್ರೆ ನನ್ನೂ ತೆಗೀರಿ. ಈಗ್ಲೇ ಬರ್ಕೊಡ್ತೀನಿ.”

ನನಗೆ ಚಪ್ಪಾಳೆ ತಟ್ಟಬೇಕೆನ್ನಿಸಿತು, ಅಳುವೂ ಬಂತು. ಆ ಎರಡು ಗಾಡಿ ನಮಗೆ ಬೇಕಾಗಿತ್ತು, ಸುಳ್ಳೇಕೆ ಹೇಳಲಿ. ಕಂಪನಿಯವರು ಹೋದರು, ಗಾಡಿಗಳೂ ಹೋದವು. ಜೀಪು ಏದುಸಿರು ಬಿಡುತ್ತಲೇ ಏರು ಹತ್ತಿತು. ಅಕ್ಕೋರನ್ನು ಕೆಲಸದಿಂದ ತೆಗೆಯುವ ಧೈರ್ಯ ಡಾಕ್ಟರಿಗಾಗಲಿಲ್ಲ, ಆದರೆ ಮಾತು ಬಿಟ್ಟರು. ಎದುರೆದುರು ಕೂತೇ “ನಿಮ್ಮ ಅಕ್ಕೋರಿಗೆ ಹೇಳು” ಎಂದು ನನಗೆ ಹೇಳುವರು. “ನಿಮ್ಮ ಡಾಕ್ಟ್ರಿಗೆ ಹೇಳು, ಕೇಳಿಸ್ತು ಅಂತ” ಎಂದು ಇವರು. ನಾನು ಇಬ್ಬರ ನಡುವೆ ಕೂತು ಅನ್ನ ಕಲಸುತ್ತಿದ್ದೆ.

ಹಾಗೇ ಇದ್ದಾಗ ಅಕ್ಕೋರಿಗೆ ಹೊಟ್ಟೆನೋವು ಶುರುವಾಯಿತು. ಉಪ್ಪಿನಕಾಯಿ ಜಾಸ್ತಿಯಾಯಿತು ಎಂದು ನಕ್ಕರು. ಪರೀಕ್ಷೆ ಮಾಡಿಸಿದಾಗ ಒಳಗೆ ಗಡ್ಡೆ, ಅದೂ ಬಹಳ ಮುಂದುವರಿದದ್ದು. ಮಾತು ಬಿಟ್ಟಿದ್ದ ಡಾಕ್ಟರೇ ರಿಪೋರ್ಟು ಹಿಡಿದುಕೊಂಡು ಬಂದು ಅವರೆದುರು ಕೂತರು. ಕನ್ನಡಕ ತೆಗೆದು ಒರೆಸತೊಡಗಿದರು. “ನೇರ ಹೇಳಿ ಡಾಕ್ಟ್ರೇ, ಇನ್ನು ಇವ್ಳ ಮೂಲಕ ಹೇಳ್ಬೇಡಿ” ಎಂದು ಅಕ್ಕೋರು ನನ್ನತ್ತ ಬೆರಳು ಮಾಡಿದರು. ಬೆರಳು ಗೋಡೆಯನ್ನು ತೋರಿಸಿತು.

ಅಕ್ಕೋರಿಗೆ ಮದುವೆಯಾಗಿರಲಿಲ್ಲ. ಸಾಗರದಲ್ಲಿ ಒಂದು ಬಾಡಿಗೆ ಮನೆ, ಅಷ್ಟೇ. ಆಸ್ಪತ್ರೆಯ ಹತ್ತಿರವೇ ಕೋಣೆ ಮಾಡಿಕೊಡುತ್ತೇನೆ ಎಂದರು ಡಾಕ್ಟರು. ನಮ್ಮ ಮನೆಗೆ ಬನ್ನಿ ಎಂದೆ ನಾನು. ಅಷ್ಟರಲ್ಲಿ ಹಿನ್ನೀರಿನಾಚೆಯ ಆ ಅಮ್ಮ ಸುದ್ದಿ ಕೇಳಿ ಲಾಂಚು ಹತ್ತಿ ಬಂದರು. ಬಂದವರೇ ಅಕ್ಕೋರ ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದರು. “ನಮ್ಮನೆಗೆ ಹೋಗದು. ಕೇಳ್ತಾ ಕೂರಕ್ಕೆ ಎಂತ ಇದೆ ಇದ್ರಾಗೆ” ಎಂದರು.

ಡಾಕ್ಟರು ಬಾಯಿಬಾಯಿ ಬಡಿದುಕೊಂಡರು. “ಮಳೆಗಾಲ! ನೀರು ಏರ್ತಾ ಇದೆ! ಆ ದಡಕ್ಕೆ ಹೋದ್ರೆ ನಾಳೆ ನೋವು ಅಂದ್ರೆ ನಾವು ಬರದು ಹೆಂಗೆ?”

“ಏರ್ಲಿ” ಎಂದರು ಅಕ್ಕೋರು. “ದಾರಿ ಬರ್ದಿದೆ. ನೋಡ್ಕಂಡು ಬರ್ತೀರಿ. ಬರಕ್ಕಾಗ್ಲಿಲ್ಲ ಅಂದ್ರೆ ನನ್ನ ಬೋರ್ಡು ಸುಳ್ಳು, ನೀವು ಹೇಳಿದ್ದು ಸರಿ. ಆವಾಗ ಎಲ್ಲ ಕಿತ್ತು ಹಾಕಿ.”

ಹೇಳಿ, ನನ್ನ ಕಡೆ ತಿರುಗಿ, “ನನ್ನ ಹೆಸ್ರು ಸೇರ್ಸು. ನನ್ನೆದ್ರಿಗೇ” ಎಂದರು. ಕಾಯಿಲೆಯವರ ಹೆಸರು ಬರೆದೆ. ಮನೆ ಎಂಬಲ್ಲಿ ಏನು ಬರೆಯುವುದು? ಅವರ ಮನೆ ಸಾಗರದಲ್ಲಿ, ಮಲಗುವುದು ಬೇರೆಯವರ ಮನೆಯಲ್ಲಿ. ಅದಕ್ಕೊಂದು ಕಾಲಂ ನಮ್ಮಲ್ಲಿರಲಿಲ್ಲ. ಸದ್ಯಕ್ಕೆ ಆ ಅಮ್ಮನ ಮನೆಯನ್ನೇ ಬರೆದೆ. ನೀರ ದಾರಿಯ ಎದುರು ಲಾಂಚಿನ ದಡ ಬರೆದಾಗ ಅಕ್ಕೋರು ಬಗ್ಗಿ ನೋಡಿ, ಸರಿ ಇದೆ ಎಂದು ತಲೆಯಾಡಿಸಿದರು.

ಆಷಾಢದಲ್ಲಿ ಮಳೆ ಜಡಿದು ಹೊಡೆಯಿತು. ಹಳೇ ರಸ್ತೆ ಮುಳುಗಿತು. ಒಂದು ಮಧ್ಯಾಹ್ನ ಆ ಅಮ್ಮನ ಫೋನು ಬಂತು: ಕೊಟ್ಟ ಮಾತ್ರೆಗೆ ನೋವು ಬಗ್ಗುತ್ತಿಲ್ಲ, ಅಕ್ಕೋರು ಹಲ್ಲು ಕಚ್ಚಿಕೊಂಡಿದ್ದಾರೆ, ಬೇಗ ಬನ್ನಿ. ಅಂದಿನ ಸರದಿ ಅದೇ ಸಿಸ್ಟರದು, ದಡದಲ್ಲಿ ನಿಂತು ಕೂಗಿದ್ದ ಕೋಣಂದೂರಿನ ಸಿಸ್ಟರದು. ಡಾಕ್ಟರೂ ಹೊರಟರು, ನಾನೂ ಹೊರಟೆ. ಜೀಪಿನಲ್ಲಿ ಸಿಸ್ಟರ್ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಪರದೆಯ ಮೇಲೆ ನೆಲದ ದಾರಿಯ ಬದಲು ನೀರ ದಾರಿ, ಹತ್ತಬೇಕಾದ ದಡ, ಕೊನೆಯ ಲಾಂಚಿನ ಹೊತ್ತು. ಡ್ರೈವರ್ ಹಳೇ ರಸ್ತೆಯ ತಿರುವು ಬಿಟ್ಟು ಲಾಂಚಿನ ದಡಕ್ಕೆ ತಿರುಗಿಸಿದರು.

ಲಾಂಚು ಆಚೆ ದಡಕ್ಕೆ ಹತ್ತಿರವಾಗುತ್ತಿದ್ದಂತೆ ಮನೆ ಕಂಡಿತು. ಸಿಸ್ಟರ್ ತಡೆಯಲಾರದೆ ಎದ್ದು ನಿಂತು, ಗಂಟಲು ಹರಿಯುವಂತೆ ಕೂಗಿದರು: “ಅಕ್ಕೋರೇ, ಬಂದೆ!” ಲಾಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಬಿಡಿ.

ಒಳಗೆ ಅಕ್ಕೋರು ಗೋಡೆಗೆ ಒರಗಿ ಕೂತಿದ್ದರು, ಮುಖದ ತುಂಬ ಬೆವರು. ಸಿಸ್ಟರ್ ಇಂಜೆಕ್ಷನ್ ಕೊಟ್ಟು ಅವರ ಕೈ ಹಿಡಿದು ಕೂತರು. ನೋವು ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಆಮೇಲೆ ಕಣ್ಣು ಬಿಟ್ಟು ಕೇಳಿದರು:

“ಯಾವ ದಾರೀಲಿ ಬಂದೆ?”

“ನೀರ ದಾರೀಲಿ ಅಕ್ಕೋರೇ.”

“ಯಾರು ಹೇಳಿದ್ರು?”

“ಯಾರೂ ಹೇಳ್ಲಿಲ್ಲ. ಮೊಬೈಲಲ್ಲಿ ಇತ್ತು.”

ಅಕ್ಕೋರು ಬಾಗಿಲ ಹತ್ತಿರ ನಿಂತಿದ್ದ ಡಾಕ್ಟರ ಕಡೆ ನೋಡಿದರು. ಡಾಕ್ಟರು ಕೈಯಲ್ಲಿದ್ದ ಕೊಡೆ ಮಡಚುತ್ತಾ, “ಹೌದು ಮಾರಾಯ್ರೆ, ಹೌದು. ನಿಮ್ಮ ಬೋರ್ಡು ಉಳಿಸಿದ ದಾರೀಲೇ ಬಂದ್ವಿ. ಸಮಾಧಾನ ಆಯ್ತಾ?” ಎಂದರು. ಅಕ್ಕೋರು ಸೊಟ್ಟ ಬೆರಳೆತ್ತಿ ಅವರನ್ನು ತೋರಿಸಿ ನಕ್ಕರು. ಆ ಅಮ್ಮ ಮಾತ್ರ ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಕ್ಕೋರು ಶ್ರಾವಣದಲ್ಲಿ ಹೋದರು. ಆ ಮನೆಯಲ್ಲೇ, ಹಿನ್ನೀರು ತುಂಬಿ ನಿಂತಿದ್ದಾಗ. ಅಲ್ಲಿಯವರೆಗೂ ಸಿಸ್ಟರ್ ಒಂದು ಸರದಿಯನ್ನೂ ತಪ್ಪಿಸಲಿಲ್ಲ. ಅಕ್ಕೋರು ನರಳಲಿಲ್ಲ ಎಂದು ಆ ಅಮ್ಮ ನನಗೆ ಮತ್ತೆ ಮತ್ತೆ ಹೇಳಿದರು, ನಾನು ಕೇಳದಿದ್ದರೂ.

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಪರದೆಯ ಮೇಲಿನ ಬೆರಳ ಗುರುತನ್ನು ಒರೆಸಿಲ್ಲ, ಒರೆಸುವುದೂ ಇಲ್ಲ. ಮೊನ್ನೆ ಇನ್ನೊಂದು ಕಂಪನಿಯವರು ಬಂದಿದ್ದರು. ಅದೇ ಮಾತು: ಸಾಲುಗಳು ಜಾಸ್ತಿಯಾದವು, ಕನ್ನಡ ಯಾಕೆ, ಎಐ ಇದೆಯಲ್ಲ. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರು, “ಅದೊಂದು ಬಿಟ್ಟು ಬೇರೆ ಮಾತಾಡಿ” ಎಂದರು. ಅವರು ಬೇರೆ ಮಾತಾಡಲಿಲ್ಲ, ಎದ್ದು ಹೋದರು. ಹೋಗಲಿ. ನಮಗೆ ಜೀಪಿದೆ.

ಆ ಕಂಪನಿಯವರು ಹೋದ ಮೇಲೆ, ಅಕ್ಕೋರ ಹೆಸರು ಸೇರಿಸಿದ ದಿನ ಬೇಕಾಗಿದ್ದರೂ ನಮ್ಮಲ್ಲಿರದಿದ್ದ ಆ ಕಾಲಮ್ಮನ್ನು ಸೇರಿಸಲು ಕೂತೆ. ಕಾಯಿಲೆಯವರು ಯಾರ ಮನೆಯಲ್ಲಿ ಇದ್ದಾರೆ ಎಂಬ ಕಾಲಂ. ಹೆಸರು ಕೊಟ್ಟೆ. ವಿವರಣೆಯ ಜಾಗ ಖಾಲಿ ಬಿಟ್ಟೆ. ಬೇಕೆಂದೇ ಬಿಟ್ಟೆ, ಅಕ್ಕೋರ ದನಿ ಇನ್ನೊಂದು ಸಲ ಕೇಳಬೇಕಿತ್ತು. ಬೋರ್ಡು ತಟ್ಟನೆ ನಿಂತಿತು.

“ಇದು ಎಂತಕ್ಕೆ? ಹೇಳಿ ಮುಂದೆ ಹೋಗು.”

ಬರೆದೆ: “ಕಾಯಿಲೆಯವರು ತಮ್ಮದಲ್ಲದ ಮನೆಯಲ್ಲೂ ಮಲಗಿರಬಹುದು. ಕರೆದುಕೊಂಡು ಹೋಗಿ ನೋಡಿಕೊಂಡವರ ಹೆಸರು ಇಲ್ಲಿ. ಇದು ಮೊದಲು ಬೇಕಾದದ್ದು ನಮ್ಮ ಅಕ್ಕೋರಿಗೆ. ಯಾರೂ ಕೀಳಕೂಡದು.”

ಬೋರ್ಡು ಅದನ್ನು ಫೈಲಿನ ನೆತ್ತಿಯ ಮೇಲೆ ಬರೆದುಕೊಂಡಿತು. ನಾನು ಮುಂದೆ ಹೋದೆ.